ಕತ್ತಲಲ್ಲಿ ಮೊಬೈಲ್ ನೋಡಿದರೆ ಒಂದು ಕಣ್ಣು ಕುರುಡಾಗುತ್ತದೆಯೇ?

ಕಲಬುರಗಿಯ ಖೂಬಾ ಪ್ಲಾಟ್‌ನ ಓದುಗರೊಬ್ಬರು ನಮಗೆ ಒಂದು ಫಾರ್ವರ್ಡ್ ಕಳುಹಿಸಿದ್ದರು. "ರಾತ್ರಿ ಲೈಟ್ ಆರಿಸಿ ಮೊಬೈಲ್ ನೋಡಿದರೆ ಕಣ್ಣಿಗೆ ಸ್ಟ್ರೋಕ್ ಆಗಿ ದೃಷ್ಟಿ ಹೋಗುತ್ತದೆ, ಎಲ್ಲ ಗ್ರೂಪ್‌ಗಳಿಗೂ ಕಳುಹಿಸಿ" ಎಂದು ಅದರಲ್ಲಿತ್ತು. ಕೆಳಗೆ ಅವರದೇ ಒಂದು ಸಾಲು: "ನಿನ್ನಿ ರಾತ್ರಿ ಬಲಗಣ್ಣಿಗೆ ಐದು ನಿಮಿಷ ಏನೂ ಕಾಣ್ಲಿಲ್ರಿ. ಇದು ಖರೇನ ಏನ್ರಿ?"

ಹೇಗೆ ಮಲಗಿದ್ದಿರಿ ಎಂದು ನಾವು ಕೇಳಿದೆವು. ಎಡ ಮಗ್ಗುಲಾಗಿ ಮಲಗಿದ್ದರಂತೆ, ಎಡಗಣ್ಣು ದಿಂಬಿಗೆ ಒತ್ತಿಕೊಂಡಿತ್ತಂತೆ. ಅರ್ಧ ಉತ್ತರ ಅಲ್ಲೇ ಇದೆ.

ಕಣ್ಣಿನೊಳಗೆ ಏನಾಗುತ್ತದೆ?

ನಮ್ಮ ಕಣ್ಣಿನ ಹಿಂಭಾಗದಲ್ಲಿ ರೆಟಿನಾ ಎಂಬ ತೆಳುವಾದ ಪದರವಿದೆ. ಬೆಳಕನ್ನು ಗ್ರಹಿಸುವ ಕೋಶಗಳು ಇರುವುದು ಇಲ್ಲಿ. ಹಗಲಿನ ಬೆಳಕಿಗೆ ಮತ್ತು ಬಣ್ಣಗಳಿಗೆ ಸುಮಾರು 60 ಲಕ್ಷ ಕೋನ್ ಕೋಶಗಳು, ಮಂದ ಬೆಳಕಿಗೆ ಸುಮಾರು 12 ಕೋಟಿ ರಾಡ್ ಕೋಶಗಳು.

ಕತ್ತಲಲ್ಲಿ ಈ ಕೋಶಗಳು ಸುಮ್ಮನಿರುವುದಿಲ್ಲ. ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಬಿಡುತ್ತಲೇ ಇರುತ್ತವೆ. ಬೆಳಕು ಬಿದ್ದಾಗ ಅದು ಕಡಿಮೆಯಾಗುತ್ತದೆ. ಆ ಇಳಿಕೆಯನ್ನು ಪಕ್ಕದ ನರಕೋಶಗಳು ಗುರುತಿಸಿ ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ.

ಬೆಳಕನ್ನು ಹಿಡಿಯುವ ಕೆಲಸ ರಾಡ್ ಕೋಶಗಳಲ್ಲಿರುವ ರೊಡಾಪ್ಸಿನ್‌ನದು. ವಿಟಮಿನ್ ಎ ಯಿಂದ ತಯಾರಾಗುವ ರೆಟಿನಾಲ್ ಎಂಬ ಅಣು ಅದರ ಒಂದು ಭಾಗ. ಬೆಳಕು ತಾಗಿದಾಗ ಬಾಗಿದ್ದ ಈ ಅಣು ನೆಟ್ಟಗಾಗುತ್ತದೆ, ರೊಡಾಪ್ಸಿನ್ ಒಡೆಯುತ್ತದೆ. ಇದನ್ನು ಕಂಡುಕೊಂಡ ಕೆಲಸಕ್ಕೆ ಜಾರ್ಜ್ ವಾಲ್ಡ್ 1967ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು. ಒಡೆದದ್ದು ಮತ್ತೆ ಕೂಡಿಕೊಳ್ಳಲು ಸಮಯ ಬೇಕು. ಹೆಚ್ಚು ಬೆಳಕಿನಲ್ಲಿದ್ದ ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷವಾದರೂ ಹಿಡಿಯುತ್ತದೆ.

ಕಲಬುರಗಿಯ ರಣಬಿಸಿಲಿನಿಂದ ಮನೆಯೊಳಗೆ ಕಾಲಿಟ್ಟಾಗ ಕ್ಷಣಹೊತ್ತು ಕಣ್ಣು ಕತ್ತಲಾಗುವುದೂ ಇದರಿಂದಲೇ.

ಹಾಗಾದರೆ ಒಂದೇ ಕಣ್ಣು ಯಾಕೆ?

ಬಿಸಿಲಿನಿಂದ ಬಂದಾಗ ಎರಡೂ ಕಣ್ಣು ಒಟ್ಟಿಗೆ ಮಬ್ಬಾಗುತ್ತವೆ, ನಮಗೆ ಗಾಬರಿಯಾಗುವುದಿಲ್ಲ. ಮಗ್ಗುಲಾಗಿ ಮಲಗಿದಾಗ ಒಂದು ಕಣ್ಣು ಮೊಬೈಲ್ ಬೆಳಕಿಗೆ, ಇನ್ನೊಂದು ದಿಂಬಿನ ಕತ್ತಲಿಗೆ ಹೊಂದಿಕೊಂಡಿರುತ್ತದೆ. ಮೊಬೈಲ್ ಆರಿಸಿದಾಗ ದಿಂಬಿನ ಬದಿಯ ಕಣ್ಣಿಗೆ ಕೋಣೆ ಕಾಣುತ್ತದೆ, ಇನ್ನೊಂದಕ್ಕೆ ಕಾಣುವುದಿಲ್ಲ. ಆ ಕಣ್ಣೇ ಹೋಯಿತು ಎನಿಸುತ್ತದೆ.

2016ರಲ್ಲಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್' ಪತ್ರಿಕೆಯಲ್ಲಿ ಬ್ರಿಟನ್ನಿನ ವೈದ್ಯರು ಇಂಥ ಇಬ್ಬರು ಮಹಿಳೆಯರ ಬಗ್ಗೆ ಬರೆದಿದ್ದರು. ಒಬ್ಬರಿಗೆ 22 ವರ್ಷ, ಇನ್ನೊಬ್ಬರಿಗೆ 40. ಇಬ್ಬರೂ ಹೀಗೇ ಮಲಗಿ ಫೋನ್ ನೋಡುತ್ತಿದ್ದವರು. ಅವರಿಗೆ ಸ್ಟ್ರೋಕ್ ಆಗಿರಲಿಲ್ಲ, ದೃಷ್ಟಿಯೂ ಹೋಗಿರಲಿಲ್ಲ.

ನಾವೂ ರಾತ್ರಿ ಹೀಗೆ ಮಲಗಿ ನೋಡಿದೆವು. ಮೊಬೈಲ್ ನೋಡಿದ ಕಣ್ಣು ಕೆಲವು ನಿಮಿಷ ಮಬ್ಬಾಗಿತ್ತು, ಆಮೇಲೆ ಸರಿಹೋಯಿತು.

ಯಾವಾಗ ಹೆದರಬೇಕು?

ಫಾರ್ವರ್ಡ್ ಸುಳ್ಳು ಎಂದ ಮಾತ್ರಕ್ಕೆ ಕಣ್ಣಿನ ಸ್ಟ್ರೋಕ್ ಎನ್ನುವುದೇ ಇಲ್ಲ ಎಂದಲ್ಲ. ರೆಟಿನಾಗೆ ರಕ್ತ ಒಯ್ಯುವ ನಾಳ ಕಟ್ಟಿಕೊಂಡರೆ ನೋವೇ ಇಲ್ಲದೆ ಒಂದು ಕಣ್ಣಿನ ದೃಷ್ಟಿ ಹಠಾತ್ತನೆ ಹೋಗುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಇರುವವರಿಗೆ, ಬೀಡಿ ಸಿಗರೇಟು ಸೇದುವವರಿಗೆ ಈ ಅಪಾಯ ಹೆಚ್ಚು. ಕೆಲವು ನಿಮಿಷ ಹೋಗಿ ಮರಳಿ ಬಂದರೂ ಅದು ಮಿದುಳಿನ ಸ್ಟ್ರೋಕ್‌ನ ಮುನ್ಸೂಚನೆ ಆಗಿರಬಹುದು.

ಮೊದಲು ಕೋಣೆಯ ಲೈಟ್ ಹಾಕಿ, ಒಂದೊಂದೇ ಕಣ್ಣು ಮುಚ್ಚಿ ನೋಡಿ. ಮೊಬೈಲ್‌ನಿಂದಾದ ಮಬ್ಬು ಕತ್ತಲಲ್ಲಿ ಮಾತ್ರ ಕಾಣಿಸುವಂಥದ್ದು. ಬೆಳಕಿನಲ್ಲಿ ಎರಡೂ ಕಣ್ಣಿಗೆ ಎಂದಿನಂತೆ ಕಾಣಬೇಕು. ಬೆಳಕಿನಲ್ಲೂ ಒಂದು ಕಣ್ಣಿಗೆ ಕಾಣದಿದ್ದರೆ, ಮೊಬೈಲ್ ನೋಡದಿದ್ದಾಗಲೂ ಹೀಗಾದರೆ, ಮಾತು ತೊದಲಿದರೆ, ಕೈಕಾಲು ಬಲ ಕಳೆದುಕೊಂಡರೆ ಬೆಳಗಾಗಲಿ ಎಂದು ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಅನುಮಾನವಿದ್ದರೂ ತೋರಿಸಿಕೊಳ್ಳುವುದೇ ಒಳ್ಳೆಯದು. ನಮ್ಮ ಓದುಗರಿಗೂ ಇದನ್ನೇ ಹೇಳಿದೆವು.

ತೀರ್ಮಾನ

ಕತ್ತಲಲ್ಲಿ ಮೊಬೈಲ್ ನೋಡಿದರೆ ನಿದ್ದೆ ಕೆಡಬಹುದು, ಕಣ್ಣು ಒಣಗಿ ಉರಿಯಬಹುದು. ಕಣ್ಣಿಗೆ ಸ್ಟ್ರೋಕ್ ಆಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಆ ಫಾರ್ವರ್ಡ್ ಮತ್ತೆ ನಿಮ್ಮ ಗ್ರೂಪ್‌ಗೆ ಬಂದರೆ ಲೈಟ್ ಹಾಕಿ ನೋಡುವ ಈ ಮಾತನ್ನು ಅದರ ಕೆಳಗೆ ಹಾಕಿ. ಸುಮ್ಮನೆ ಹೆದರಿದವರಿಗೆ ಸಮಾಧಾನವಾಗುತ್ತದೆ, ನಿಜವಾಗಿ ಅಪಾಯದಲ್ಲಿರುವವರು ಬೇಗ ಆಸ್ಪತ್ರೆ ಸೇರುತ್ತಾರೆ.