ಗಾಳಿಗೂ ಅನ್ನಕ್ಕೂ ಒಂದೇ ಖಾತೆ ಬೇಕು

ಗಡಿನಾಡಿನ ಕನ್ನಡ ಬಂಧುಗಳೇ,

ರೈತನೊಬ್ಬನು ಪೇಟೆಯಿಂದ ಕೀಟನಾಶಕದ ಬಾಟಲಿಯೊಂದನ್ನು ಕೊಂಡು ತರುತ್ತಾನೆ. ಬೆಲೆ ತೆತ್ತು ತಂದುದರಿಂದ ಆ ಗಳಿಗೆಯಲ್ಲಿ ಅವನು ಗ್ರಾಹಕ. ಅದನ್ನು ಹೊಲಕ್ಕೆ ಸಿಂಪಡಿಸಿದೊಡನೆ ಅದು ಗಾಳಿಯನ್ನೂ ನೆರೆಯವನ ಬಾವಿಯನ್ನೂ ಸೇರುತ್ತದೆ. ಆಗ ಅದು ಪರಿಸರದ ಸಂಗತಿ. ಅದರ ಶೇಷವು ಕಾಯಿಪಲ್ಲೆಯಲ್ಲಿ ಉಳಿದು ಸಂತೆಗೆ ಬಂದರೆ ಅದು ಆಹಾರದ ಸಂಗತಿ. ವಿಷವೂ ಒಂದೇ, ಅದನ್ನು ಉಣ್ಣುವ ದೇಹವೂ ಒಂದೇ. ಆದರೆ ದೂರು ಹೇಳಹೊರಟವನಿಗೆ ಬಾಗಿಲುಗಳು ಮಾತ್ರ ನಾಲ್ಕು. ಬಾಟಲಿಯ ಮಾರಾಟ ಕೃಷಿ ಇಲಾಖೆಯದು; ನೀರು ಗಾಳಿ ಮಾಲಿನ್ಯ ಮಂಡಳಿಯದು; ಕಾಯಿಪಲ್ಲೆ ಆಹಾರ ಸುರಕ್ಷತೆಯ ಅಧಿಕಾರಿಯದು; ಕೊಟ್ಟ ಹಣದ ನ್ಯಾಯ ಗ್ರಾಹಕ ಆಯೋಗದ್ದು. ಒಂದು ಬಾಗಿಲಿನವರು ಇನ್ನೊಂದು ಬಾಗಿಲನ್ನು ತೋರಿಸುವಷ್ಟರಲ್ಲಿ ಸುಗ್ಗಿಯೇ ಕಳೆದುಹೋಗುತ್ತದೆ.

ಆದುದರಿಂದ ನಮ್ಮ ಅಭಿಪ್ರಾಯವನ್ನು ಮೊದಲಿಗೇ ಸ್ಪಷ್ಟಪಡಿಸುತ್ತೇವೆ. ಪರಿಸರದ ರಕ್ಷಣೆಯನ್ನೂ ಗ್ರಾಹಕರ ರಕ್ಷಣೆಯನ್ನೂ ರಾಜ್ಯ ಸರಕಾರಗಳು ಒಬ್ಬ ಮಂತ್ರಿಯ ಕೈಕೆಳಗೆ ಒಂದೇ ಖಾತೆಯಾಗಿ ಕೂಡಿಸತಕ್ಕದ್ದು. ಆ ಖಾತೆಯಲ್ಲಿ ಕನ್ನಡದ ಅರ್ಜಿಗೆ ಕನ್ನಡದಲ್ಲಿಯೇ ಉತ್ತರ ದೊರೆಯತಕ್ಕದ್ದು.

ನಮ್ಮ ದೇಶದ ಸಂಸತ್ತು ಪರಿಸರ ಸಂರಕ್ಷಣಾ ಕಾಯಿದೆಯನ್ನೂ ಗ್ರಾಹಕ ಸಂರಕ್ಷಣಾ ಕಾಯಿದೆಯನ್ನೂ ಒಂದೇ ವರ್ಷದಲ್ಲಿ, 1986ರಲ್ಲಿ, ಮಾಡಿತು. ಒಂದೇ ವರ್ಷ ಹುಟ್ಟಿದ ಈ ಎರಡು ಕೂಸುಗಳು ಬೇರೆ ಬೇರೆ ಮನೆಗಳಲ್ಲಿ ಬೆಳೆದುವು. ಕೇರಳ, ತಮಿಳುನಾಡು, ಮಹಾರಾಷ್ಟ್ರ, ಆಂಧ್ರ ಈ ನಾಲ್ಕು ರಾಜ್ಯಗಳಲ್ಲಿಯೂ ಗ್ರಾಹಕರ ವಿಷಯವು ಆಹಾರ ಸರಬರಾಜಿನ, ಎಂದರೆ ಪಡಿತರದ, ಇಲಾಖೆಗೆ ಅಂಟಿಕೊಂಡಿದೆ. ಪರಿಸರದ ವಿಷಯ ಬೇರೊಂದು ಇಲಾಖೆಯಲ್ಲಿದೆ. ಇದರ ಪರಿಣಾಮವನ್ನು ನೋಡಿರಿ. ಗ್ರಾಹಕ ಕಾಯಿದೆಯ ಕಣ್ಣಿಗೆ ಬೆಲೆ ಕೊಟ್ಟು ಕೊಂಡವನು ಮಾತ್ರ ಗ್ರಾಹಕ. ತನ್ನ ಬಾವಿಯ ನೀರನ್ನು ಸೇದಿ ಕುಡಿಯುವವನು ಏನನ್ನೂ ಕೊಂಡವನಲ್ಲ. ಆ ನೀರಿನಲ್ಲಿ ವಿಷವಿದ್ದರೂ ಅವನು ಗ್ರಾಹಕನೆನಿಸುವುದಿಲ್ಲ.

ಈ ಒಡಕಿನ ಫಲವನ್ನು ಕಾಸರಗೋಡಿನ ಗ್ರಾಮಗಳು ಉಂಡಿವೆ. ಅಲ್ಲಿ ಸರಕಾರದ ಒಡೆತನದ ನಿಗಮವೊಂದು ಸುಮಾರು 4,700 ಹೆಕ್ಟೇರು ಗೇರುತೋಟಗಳಿಗೆ, ಟೀ ಸೊಳ್ಳೆಯೆಂಬ ಕೀಟವನ್ನು ಕೊಲ್ಲಲೆಂದು, 1970ರ ದಶಕದ ಕೊನೆಯ ವರ್ಷಗಳಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎರಚಿತು. ಗುಡ್ಡದ ನೆತ್ತಿಯಲ್ಲಿ ಗೇರು. ಬುಡದಲ್ಲಿ ಮನೆಗಳು, ತೋಡುಗಳು, ಸುರಂಗದ ನೀರು. ಎಣ್ಮಕಜೆ ಪಂಚಾಯತಿಯ ಪಡ್ರೆಯಲ್ಲಿ ವೈದ್ಯ ಡಾ. ವೈ. ಎಸ್. ಮೋಹನ್ ಕುಮಾರ್ ಅವರೂ ಪತ್ರಕರ್ತ ಶ್ರೀಪಡ್ರೆಯವರೂ ಕಂಡುದನ್ನು ಬರೆದು ಎಚ್ಚರಿಸಿದರು. ಲೀಲಾಕುಮಾರಿಯಮ್ಮನವರು 1998ರಲ್ಲಿ ಅದೇ ಜಿಲ್ಲೆಯ ಹೊಸದುರ್ಗದ ಮುನ್ಸೀಫ್ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ದೇಶಕ್ಕೆಲ್ಲ ಅನ್ವಯಿಸುವ ನಿಷೇಧವನ್ನು ಸುಪ್ರೀಂ ಕೋರ್ಟು ವಿಧಿಸಿದುದು 2011ರಲ್ಲಿ. ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿಗಳನ್ನು ಮೂರು ತಿಂಗಳೊಳಗೆ ಕೊಡಬೇಕೆಂದು ಅದು ಆಜ್ಞಾಪಿಸಿದುದು 2017ರಲ್ಲಿ. ಐದು ವರ್ಷಗಳ ತರುವಾಯ, 2022ರಲ್ಲಿ, ವಿಳಂಬಕ್ಕಾಗಿ ಸರಕಾರವನ್ನು ಅದೇ ನ್ಯಾಯಾಲಯ ಖಂಡಿಸಬೇಕಾಯಿತು. ತೋಟವೂ ಸರಕಾರದ್ದು, ಕಾವಲೂ ಸರಕಾರದ್ದು. ಗಾಳಿ, ನೀರು, ಹಾಲು, ಅನ್ನ ಇಷ್ಟನ್ನೂ ಒಟ್ಟಿಗೆ ನೋಡಿ ‘ನಿಲ್ಲಿಸಿರಿ’ ಎನ್ನುವ ಹೊಣೆ ಮಾತ್ರ ಯಾವ ಮಂತ್ರಿಯ ಮೇಲೂ ಇರಲಿಲ್ಲ.

ಇಂಥ ಹೊಣೆಯನ್ನು ಒಬ್ಬರಿಗೆ ಒಪ್ಪಿಸಲು ಸಾಧ್ಯವೆ ಎಂದು ಕೇಳುವವರುಂಟು. ಸಾಧ್ಯವೆಂಬುದನ್ನು ಜರ್ಮನಿಯ ಬವೇರಿಯಾ ರಾಜ್ಯ ತೋರಿಸಿದೆ. ನಮ್ಮಂತೆಯೇ ಜರ್ಮನಿಯೂ ರಾಜ್ಯಗಳ ಒಕ್ಕೂಟ. ಬವೇರಿಯಾ 1970ರ ಡಿಸೆಂಬರಿನಲ್ಲಿಯೇ ಪರಿಸರಕ್ಕೆಂದು ಮಂತ್ರಿಖಾತೆಯನ್ನು ತೆರೆಯಿತು. ಜರ್ಮನಿಯ ಕೇಂದ್ರ ಸರಕಾರಕ್ಕೆ ಆ ಬುದ್ಧಿ ಬಂದುದು 1986ರಲ್ಲಿ, ಚೆರ್ನೊಬಿಲ್ ಅಣುಸ್ಥಾವರದ ದುರಂತ ನಡೆದ ಬಳಿಕ. 2000ದ ಕೊನೆಯಲ್ಲಿ ಜರ್ಮನಿಯ ದನಗಳಲ್ಲಿ ಹುಚ್ಚುಹಸು ರೋಗ ಕಂಡುಬಂದು ಜನ ಮಾಂಸ ಕೊಳ್ಳಲು ಹೆದರಿದಾಗ, ಬವೇರಿಯಾ 2001ರಲ್ಲಿ ಗ್ರಾಹಕ ರಕ್ಷಣೆಯನ್ನೂ ಒಳಗೊಂಡ ಹೊಸ ಖಾತೆಯನ್ನು ರಚಿಸಿತು. 2003ರಲ್ಲಿ ಅದನ್ನು ಪರಿಸರ ಖಾತೆಯೊಡನೆ ಕೂಡಿಸಿತು. 2013ರಲ್ಲಿ ಆರೋಗ್ಯವನ್ನು ಬೇರ್ಪಡಿಸಿತು. ಅಂದಿನಿಂದ ಅದು ಪರಿಸರ ಮತ್ತು ಗ್ರಾಹಕ ಸಂರಕ್ಷಣೆಯ ಖಾತೆ.

ಈ ಕೂಡಿಕೆಯ ಅರ್ಥವನ್ನು ಅಲ್ಲಿಯ ಕಾಡುಹಂದಿಯೇ ತಿಳಿಸುತ್ತದೆ. 1986ರಲ್ಲಿ ಚೆರ್ನೊಬಿಲ್‌ನಿಂದ ಹಾರಿದ ವಿಕಿರಣದ ಧೂಳು ಮಳೆಯೊಡನೆ ಬವೇರಿಯಾದ ಕಾಡುಗಳ ಮೇಲೆ ಬಿದ್ದಿತು. ಮಣ್ಣಿನಿಂದ ಅದು ಅಣಬೆಗೆ ಏರಿತು, ಅಣಬೆಯಿಂದ ಹಂದಿಯ ಮಾಂಸಕ್ಕೆ ಸೇರಿತು. ಕಿಲೋ ಒಂದಕ್ಕೆ 600 ಬೆಕರೆಲ್‌ಗಿಂತ ಹೆಚ್ಚು ವಿಕಿರಣವುಳ್ಳ ಮಾಂಸವನ್ನು ಅಲ್ಲಿ ಮಾರುವಂತಿಲ್ಲ. ಮಣ್ಣನ್ನು ಅಳೆಯುವವನೂ ಮಾಂಸವನ್ನು ಅಳೆಯುವವನೂ ಒಬ್ಬ ಮಂತ್ರಿಗೇ ಉತ್ತರ ಹೇಳಬೇಕು.

ಕೂಡಿಸಿದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದು ನಾವು ಹೇಳುವುದಿಲ್ಲ. 2014ರಲ್ಲಿ ಬವೇರಿಯಾದ ಸಂಸ್ಥೆಯೊಂದರ ಮೊಟ್ಟೆಗಳಿಂದ ಯೂರೋಪಿನ ಹಲವು ದೇಶಗಳಲ್ಲಿ ಜನ ಸಾಲ್ಮೊನೆಲ್ಲ ರೋಗಕ್ಕೆ ತುತ್ತಾದರು. ಫಲಕ ಒಳ್ಳೆಯದಿದ್ದರೂ ಕಾವಲು ಸಡಿಲವಾಗಿದ್ದಿತು. ಆಗ ‘ಇದು ನಮ್ಮದಲ್ಲ’ ಎಂದು ನುಣುಚಿಕೊಳ್ಳಲು ಆ ಖಾತೆಗೆ ದಾರಿಯಿರಲಿಲ್ಲ. 2018ರಲ್ಲಿ ದೊಡ್ಡ ಕೋಳಿಸಾಕಣೆ, ದೊಡ್ಡ ಆಹಾರ ಕಾರಖಾನೆಗಳ ತಪಾಸಣೆಗೆಂದೇ ಪ್ರತ್ಯೇಕ ಪ್ರಾಧಿಕಾರವನ್ನು ಸ್ಥಾಪಿಸಬೇಕಾಯಿತು. ಹೊಣೆಗಾರನು ಯಾರೆಂದು ಗೊತ್ತಿದ್ದರೆ ತಪ್ಪನ್ನು ತಿದ್ದಿಸಬಹುದು. ಇನ್ನೊಂದು ಮಾತು: ಬವೇರಿಯಾದಲ್ಲಿ ಕೃಷಿಗೆ ಬೇರೆ ಮಂತ್ರಿಯಿದ್ದಾರೆ. ಬೆಳೆ ಹೆಚ್ಚಿಸುವವನ ಕೈಯಲ್ಲಿಯೇ ಬೆಳೆಯ ವಿಷವನ್ನು ಅಳೆಯುವ ತಕ್ಕಡಿಯನ್ನು ಕೊಡಬಾರದು.

ಈಗ ಭಾಷೆಯ ಮಾತು. ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದ ಇಲ್ಲವೆ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಿಯೇ ಆಗಲಿ ಅರ್ಜಿ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಪ್ರತಿಯೊಬ್ಬನಿಗೂ ಕೊಟ್ಟಿದೆ. ಕನ್ನಡದ ಅರ್ಜಿಯನ್ನು ಹಿಂದಿರುಗಿಸುವ ಅಧಿಕಾರ ಯಾವ ಗುಮಾಸ್ತನಿಗೂ ಇಲ್ಲ. ಆದರೆ ಉತ್ತರವೂ ಅದೇ ಭಾಷೆಯಲ್ಲಿರಬೇಕೆಂದು ಆ ವಿಧಿ ಹೇಳುವುದಿಲ್ಲ. ‘ಈ ಬಾವಿಯ ನೀರನ್ನು ಕುಡಿಯಬೇಡಿರಿ’ ಎಂಬ ಎಚ್ಚರಿಕೆ ಓದಲು ಬಾರದ ಲಿಪಿಯಲ್ಲಿ ಬಂದರೆ ಅದರಿಂದ ಏನು ಫಲ? ವಿಷದ ಬಾಟಲಿಯ ಚೀಟಿಗೂ ಇದೇ ಮಾತು ಸಲ್ಲುತ್ತದೆ. ನಾವು ಬೇಡುವ ಖಾತೆ ಈ ಕೊರತೆಯನ್ನು ತುಂಬಬೇಕು. ಕನ್ನಡಿಗರು ನೆಲೆಸಿರುವ ತಾಲೂಕುಗಳಲ್ಲಿ ಎಚ್ಚರಿಕೆಯೂ ಉತ್ತರವೂ ಕನ್ನಡದಲ್ಲಿರಬೇಕು.

ಖಾತೆ ಬರುವವರೆಗೆ ಕೈಕಟ್ಟಿ ಕೂರಬೇಕೆಂದಲ್ಲ. 2019ರ ಗ್ರಾಹಕ ಕಾಯಿದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಹೂಡಬಹುದು. ಕೊಂಡ ಸರಕಿನ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಗ್ರಾಹಕರ ಹಕ್ಕಿಗೆ ಭಂಗ ಬಂದುದನ್ನು ಜಿಲ್ಲಾಧಿಕಾರಿಗೂ ಬರೆಯಬಹುದು. ಮಾಲಿನ್ಯದಿಂದಾದ ಹಾನಿಗೆ ಹಸಿರು ನ್ಯಾಯಪೀಠವುಂಟು. ದಕ್ಷಿಣದವರಿಗೆ ಚೆನ್ನೈಯಲ್ಲಿ, ಸೊಲ್ಲಾಪುರ ಜತ್ತ ಕಡೆಯವರಿಗೆ ಪುಣೆಯಲ್ಲಿ. ಅಂಗಡಿಯವನಿಂದ ಬಿಲ್ಲನ್ನು ಕೇಳಿ ಪಡೆಯಿರಿ. ಬಾಟಲಿಯನ್ನೂ ಚೀಟಿಯನ್ನೂ ಎಸೆಯದೆ, ಮಕ್ಕಳ ಕೈಗೆ ಸಿಗದಂತೆ ಇಡಿರಿ. ಸಿಂಪಡಿಸಿದ ದಿನವನ್ನೂ ಗಾಳಿಯ ದಿಕ್ಕನ್ನೂ ಬರೆದಿಡಿರಿ. ಒಬ್ಬನ ದೂರು ಕಡತದಲ್ಲಿ ಮಲಗಬಹುದು. ಗ್ರಾಮಸಭೆಯ ನಿರ್ಣಯವನ್ನು ಮಲಗಿಸುವುದು ಅಷ್ಟು ಸುಲಭವಲ್ಲ.

ಆದವಾನಿಯ ಹತ್ತಿಯ ಹೊಲದಿಂದ, ತಾಳವಾಡಿಯ ಕೋಸಿನ ತೋಟದಿಂದ, ಹೊಸೂರಿನ ಕಾರಖಾನೆಗಳ ಸುತ್ತಣ ಹಳ್ಳಿಗಳಿಂದ, ಅಕ್ಕಲಕೋಟೆಯಿಂದ, ಎಣ್ಮಕಜೆಯಿಂದ ಒಂದೇ ನಿರ್ಣಯ ಹೊರಡಲಿ: ಗಾಳಿ, ನೀರು, ಅನ್ನ ಇವುಗಳಿಗೆ ಹೊಣೆಯಾದ ಒಂದು ಖಾತೆ ನಮಗೆ ಬೇಕು, ಅದು ನಮ್ಮ ಮಾತಿನಲ್ಲಿ ಉತ್ತರ ಕೊಡಬೇಕು. ಬರುವ ಗ್ರಾಮಸಭೆಯಲ್ಲಿಯೇ ಇದನ್ನು ಮಂಡಿಸಿರಿ, ಸಹಿ ಹಾಕಿಸಿರಿ, ನಿಮ್ಮ ಶಾಸಕರ ಕೈಗೆ ಕೊಡಿರಿ.