ಪರವಾನಿಗೆಯ ವಿಚಾರಣೆ ಯಾರ ಎದುರಿಗೆ?

ದೆಹಲಿಯಲ್ಲಿ ಒಂದು ಹಳೆಯ ಅಧಿಕಾರ ಕೈ ಬದಲಾಯಿಸಿದೆ. ಹೋಟೆಲು, ಉಪಾಹಾರಗೃಹ, ಈಜುಕೊಳ, ಸಭಾಗೃಹ, ಡಿಸ್ಕೊಥೆಕ್, ವಿಡಿಯೊ ಗೇಮ್ ಪಾರ್ಲರ್, ಅಮ್ಯೂಸ್‌ಮೆಂಟ್ ಪಾರ್ಕ್ ಈ ಏಳು ಬಗೆಯ ವ್ಯವಹಾರಗಳಿಗೆ ಪರವಾನಿಗೆ ಕೊಡುವ ಕೆಲಸವನ್ನು 2025ರ ಜೂನ್ ತಿಂಗಳಲ್ಲಿ ಉಪರಾಜ್ಯಪಾಲರ ಆದೇಶದ ಮೂಲಕ ಪೋಲೀಸರಿಂದ ತೆಗೆದು ಮಹಾನಗರಪಾಲಿಕೆಯೇ ಮೊದಲಾದ ಸ್ಥಳೀಯ ಸಂಸ್ಥೆಗಳಿಗೆ ವಹಿಸಲಾಯಿತು. ಪೋಲೀಸರು ಕಳ್ಳಕಾಕರನ್ನು ಹಿಡಿಯಲಿ, ಪಾಲಿಕೆ ಪರವಾನಿಗೆ ನೋಡಿಕೊಳ್ಳಲಿ ಎಂಬ ವಾದ ಸರಿಯಾದದ್ದೇ. ಆದರೆ ಪರವಾನಿಗೆ ಕೊಡುವುದು ಕೆಲಸದ ಅರ್ಧಭಾಗ ಮಾತ್ರ. ಕೊಟ್ಟ ಮೇಲೆ ಪಕ್ಕದ ಮನೆಯವರು ‘ನಮಗೆ ರಾತ್ರಿ ನಿದ್ದೆಯಿಲ್ಲ’ ಎಂದು ದೂರಿತ್ತರೆ ಅದನ್ನು ಯಾರು, ಎಲ್ಲಿ, ಯಾರ ಎದುರಿಗೆ ಕೇಳಬೇಕು? ಆ ದೂರು ಎಲ್ಲರ ಎದುರಿಗೆ ಇತ್ಯರ್ಥವಾಗುವ ಕ್ರಮ ಬರುವ ತನಕ ಆಗಿರುವುದು ಬರೀ ಮೇಜಿನ ಬದಲಾವಣೆ ಎಂದೇ ನನ್ನ ವಾದ.

ಇದರಲ್ಲಿ ನಮ್ಮಂಥವರಿಗೇನು ಎಂದು ವಾಚಕರು ಕೇಳಬಹುದು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ನಾವು ಈ ವ್ಯಾಜ್ಯದ ಎರಡೂ ಪಕ್ಷಗಳಲ್ಲಿ ಇದ್ದೇವೆ. ಮಕ್ಕಳ ಪರೀಕ್ಷೆಯ ಕಾಲಕ್ಕೆ, ವಯಸ್ಸಾದ ತಂದೆತಾಯಿಗಳ ಕಾಯಿಲೆಯ ಕಾಲಕ್ಕೆ ನಾವು ನೆರೆಯವರು. ರಾಜ್ಯೋತ್ಸವ, ಗಣೇಶೋತ್ಸವ, ಯಕ್ಷಗಾನ, ಮಗಳ ಮದುವೆ ಬಂದಾಗ ನಾವೇ ಸಭಾಗೃಹ ಹಿಡಿಯುವವರು. ನೆರೆಯವರಾಗಿದ್ದಾಗ ಆ ಜಾಗಕ್ಕೆ ಬೀಗ ಬೀಳಲಿ ಎನ್ನುತ್ತೇವೆ. ಧ್ವನಿವರ್ಧಕ ನಮ್ಮ ಕೈಯಲ್ಲಿದ್ದಾಗ ನೆರೆಯವನಿಗೆ ಕಲೆಯ ಗಂಧಗಾಳಿಯಿಲ್ಲ ಎನ್ನುತ್ತೇವೆ. ಎರಡು ಸಂದರ್ಭದಲ್ಲೂ ನಾವು ಹಿಡಿಯುವ ದಾರಿ ಮಾತ್ರ ಒಂದೇ: ‘ಅಲ್ಲಿ ನಮ್ಮ ಕಡೆಯವರೊಬ್ಬರು ಇದ್ದಾರೆ, ಒಂದು ಮಾತು ಹೇಳಿಸೋಣ.’ ಕಡತಗಳ ನಡುವೆಯೇ ಬದುಕುವ ನನ್ನಂಥ ಗುಮಾಸ್ತನಿಗೆ ಈ ‘ಒಂದು ಮಾತಿ’ನ ಬೆಲೆ ಗೊತ್ತು. ಅದು ಕಡತದಲ್ಲಿ ಎಲ್ಲೂ ಕಾಣಿಸುವುದಿಲ್ಲ, ತೀರ್ಮಾನವೆಲ್ಲ ಅದರಿಂದಲೇ ಆಗಿರುತ್ತದೆ.

ಕಾನೂನು ಇಲ್ಲವೆಂದಲ್ಲ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ರಾತ್ರಿ 10ರಿಂದ ಬೆಳಗ್ಗೆ 6ರ ವರೆಗೆ ಧ್ವನಿವರ್ಧಕ ಕೂಡದು. ಹಬ್ಬಹರಿದಿನ, ಸಾಂಸ್ಕೃತಿಕ ಸಮಾರಂಭಗಳಿಗೆಂದು ರಾಜ್ಯ ಸರಕಾರ ವರ್ಷಕ್ಕೆ ಒಟ್ಟು 15 ದಿನ ಮೀರದಂತೆ ಮಧ್ಯರಾತ್ರಿಯ ವರೆಗೆ ರಿಯಾಯಿತಿ ಕೊಡಬಹುದು. ಮುಚ್ಚಿದ ಸಭಾಗೃಹದ ಒಳಗಿನವರಿಗೆ ಕೇಳಿಸಲು ವಿನಾಯಿತಿ ಉಂಟು. ಸದ್ದು ಗೋಡೆ ದಾಟಿ ಪರರ ಮಲಗುವ ಕೋಣೆಗೆ ನುಗ್ಗಲು ವಿನಾಯಿತಿ ಇಲ್ಲ. ಧ್ವನಿವರ್ಧಕದಿಂದ ಗದ್ದಲವೆಬ್ಬಿಸುವುದು ಯಾರ ಮೂಲಭೂತ ಹಕ್ಕೂ ಅಲ್ಲವೆಂದು ಸುಪ್ರೀಂ ಕೋರ್ಟು 2005ರ ಜುಲೈನಲ್ಲಿಯೇ ಹೇಳಿದೆ. ‘ಹತ್ತಿಪ್ಪತ್ತು ಡೆಸಿಬಲ್ ಹೆಚ್ಚಾದರೆ ಏನು ಮುಳುಗಿಹೋಯಿತು?’ ಎನ್ನುವವರಿಗೆ ಒಂದು ಮಾತು. ಈ ಲೆಕ್ಕ ತರಕಾರಿಯ ತೂಕದಂತಲ್ಲ. 10 ಡೆಸಿಬಲ್ ಏರಿದರೆ ಧ್ವನಿಯ ತೀವ್ರತೆ ಹತ್ತು ಪಟ್ಟು, 20 ಏರಿದರೆ ನೂರು ಪಟ್ಟು. 45 ಇರಬೇಕಾದಲ್ಲಿ 65 ಎಂದರೆ ನೂರು ಪಟ್ಟು ಎಂದರ್ಥ.

ಹೀಗಿದ್ದೂ ನಡೆಯುವುದೇನು? ನೆರೆಯವನು ಫೋನು ಮಾಡುತ್ತಾನೆ, ಜೀಪು ಬರುತ್ತದೆ, ಸದ್ದು ತಗ್ಗುತ್ತದೆ, ಜೀಪು ಹೋಗುತ್ತದೆ, ಸದ್ದು ಏರುತ್ತದೆ. ಇಲ್ಲವೇ ಒಂದು ದಿನ ಏಕಾಏಕಿ ಬೀಗ ಬೀಳುತ್ತದೆ. ಮುಂಗಡ ಕೊಟ್ಟವರು ಕಂಗಾಲು. ಈ ಎರಡು ತುದಿಗಳ ನಡುವೆ ಮೂರನೆಯ ದಾರಿಯೇ ಇಲ್ಲವೆ?

ಇಂಗ್ಲೆಂಡಿನಲ್ಲಿ ಇದೆ. ಅಲ್ಲಿಯೂ ಅಧಿಕಾರ ಕೈ ಬದಲಾಯಿಸಿತ್ತು. ಮದ್ಯ ಮಾರುವ ಜಾಗಗಳ ಪರವಾನಿಗೆ ಹಿಂದೆ ಮ್ಯಾಜಿಸ್ಟ್ರೇಟರ ಕೈಯಲ್ಲಿತ್ತು. 2003ರ ಲೈಸೆನ್ಸಿಂಗ್ ಕಾಯಿದೆ 2005ರ ನವೆಂಬರಿನಲ್ಲಿ ಜಾರಿಗೆ ಬಂದಾಗ ಅದು ಸ್ಥಳೀಯ ಕೌನ್ಸಿಲುಗಳಿಗೆ ಬಂತು. ಅದರೊಂದಿಗೆ ‘ಮರುಪರಿಶೀಲನೆ’ಯ ಕ್ರಮವೂ ಬಂತು. ತೊಂದರೆಗೊಳಗಾದವರು ಲಿಖಿತ ಅರ್ಜಿ ಕೊಡಬೇಕು. ದೂರು ನಾಲ್ಕು ವಿಷಯಗಳಲ್ಲಿ ಒಂದಕ್ಕಾದರೂ ಸಂಬಂಧಿಸಿರಬೇಕು: ಅಪರಾಧ ತಡೆ, ಸಾರ್ವಜನಿಕ ಸುರಕ್ಷತೆ, ಸಾರ್ವಜನಿಕರಿಗೆ ಆಗುವ ಉಪದ್ರವದ ತಡೆ, ಮಕ್ಕಳ ರಕ್ಷಣೆ. ಹುರುಳಿಲ್ಲದ, ಹಗೆಯಿಂದ ಕೊಟ್ಟ ಅರ್ಜಿಯನ್ನು ತಳ್ಳಿಹಾಕಬಹುದು. ಅರ್ಜಿಯ ಪ್ರತಿ ಪರವಾನಿಗೆದಾರನಿಗೆ ತಲುಪಬೇಕು. 28 ದಿನ ಆ ಜಾಗದಲ್ಲಿಯೇ ನೋಟಿಸು ತೂಗಬೇಕು. ಪರ ವಿರೋಧ ಯಾರು ಬೇಕಾದರೂ ಬರೆಯಬಹುದು. ಅನಂತರ ಕೌನ್ಸಿಲಿನ ಮೂವರು ಸದಸ್ಯರ ಎದುರು ವಿಚಾರಣೆ. ಅವರು ಷರತ್ತು ಬದಲಾಯಿಸಬಹುದು, ಸಂಗೀತದಂಥ ಒಂದು ಚಟುವಟಿಕೆಯನ್ನು ಮಾತ್ರ ನಿಲ್ಲಿಸಬಹುದು, ಮೇಲ್ವಿಚಾರಕನನ್ನು ತೆಗೆಯಬಹುದು, ಮೂರು ತಿಂಗಳ ವರೆಗೆ ಅಮಾನತಿನಲ್ಲಿಡಬಹುದು, ರದ್ದು ಮಾಡಬಹುದು, ಏನನ್ನೂ ಮಾಡದೆ ಬಿಡಲೂಬಹುದು. ಒಪ್ಪದವರು 21 ದಿನಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಹೋಗಬಹುದು.

ಅಲ್ಲಿ ಎಲ್ಲವೂ ಸುಸೂತ್ರವೆಂದು ನಾನು ಹೇಳುವುದಿಲ್ಲ. ಅಲ್ಲಿಯೂ ಜಗಳಗಳಿವೆ, ಮುಚ್ಚಿಹೋದ ಜಾಗಗಳಿವೆ. ಆದರೆ ದೂರಿತ್ತವನಿಗೂ ದೂರಿಗೆ ಒಳಗಾದವನಿಗೂ ಒಂದೇ ಕೋಣೆಯಲ್ಲಿ ಕುರ್ಚಿ ಸಿಗುತ್ತದೆ. ಗಮನಿಸಬೇಕಾದ ಅಂಶ ಇದೊಂದೇ.

‘ನಮ್ಮಲ್ಲಿ ಇದು ನಡೆಯುವ ಮಾತಲ್ಲ, ದೂರಿನ ಹೆಸರಿನಲ್ಲಿ ಸುಲಿಗೆ ಶುರುವಾಗುತ್ತದೆ’ ಎಂಬ ಆಕ್ಷೇಪ ಬರುತ್ತದೆ. ಸುಲಿಗೆಗೆ ಕತ್ತಲೆ ಬೇಕು. ಬಾಗಿಲಿಗೆ ಅಂಟಿಸಿದ ನೋಟಿಸು, ಹತ್ತು ಜನರೆದುರಿನ ವಿಚಾರಣೆ, ಕಾರಣ ಬರೆದ ತೀರ್ಪು ಇದ್ದಲ್ಲಿ ಸುಲಿಗೆಗಾರನಿಗೆ ಕಷ್ಟವೇ ಹೊರತು ಅನುಕೂಲವಿಲ್ಲ. ‘ಇಷ್ಟೆಲ್ಲ ಬರೀ ಸದ್ದಿಗಾಗಿಯೆ?’ ಎಂಬುದು ಇನ್ನೊಂದು ಆಕ್ಷೇಪ. ದೆಹಲಿಯವರು ಇದನ್ನು ಕೇಳಬಾರದು. ಗ್ರೀನ್ ಪಾರ್ಕಿನ ಉಪಹಾರ್ ಚಿತ್ರಮಂದಿರದ ಪರವಾನಿಗೆ ಸುರಕ್ಷತೆಯ ಲೋಪಗಳಿಗಾಗಿ 1983ರಲ್ಲಿಯೇ ಅಮಾನತಾಗಿತ್ತು. ತಡೆಯಾಜ್ಞೆ ಬಂತು, ಆಮೇಲೆ ವರ್ಷಗಟ್ಟಲೆ ತಾತ್ಕಾಲಿಕ ಪರ್ಮಿಟ್ಟುಗಳ ಮೇಲೆ ಆಟ ನಡೆಯಿತು. 1997ರ ಜೂನ್ 13ರಂದು 59 ಜನ ಸತ್ತರು. ಪರಿಹಾರ ತೆರುವ ಹೊಣೆಯಿಂದ ಪರವಾನಿಗೆ ಕೊಟ್ಟ ಅಧಿಕಾರಿಯನ್ನೂ ಪಾಲಿಕೆಯನ್ನೂ ಸುಪ್ರೀಂ ಕೋರ್ಟು 2011ರಲ್ಲಿ ಬಿಡುಗಡೆ ಮಾಡಿತು. ನವೀಕರಣದ ಠಸ್ಸೆ ಒತ್ತುವವನು ಕೊನೆಗೆ ತೆರಬೇಕಾದ್ದು ಏನೂ ಇಲ್ಲದಿರುವಾಗ, ಒತ್ತುವ ಮೊದಲೇ ನಾಲ್ಕು ಜನ ನೋಡುತ್ತಿರಬೇಕಾದ್ದು ಅಗತ್ಯ.

ಆದ್ದರಿಂದ ಪಾಲಿಕೆಯಿಂದ ನಾವು ಕೇಳಬೇಕಾದ್ದು ಹೆಚ್ಚಿನದೇನಲ್ಲ. ದೂರಿಗೆ ರಸೀತಿ, ಬಾಗಿಲ ಮೇಲೆ ನೋಟಿಸು, ಮಾಪಕದಿಂದ ಅಳೆದ ಸದ್ದಿನ ಲೆಕ್ಕ, ಬಹಿರಂಗ ವಿಚಾರಣೆ, ತಪ್ಪಿಗೆ ತಕ್ಕಷ್ಟೇ ಶಿಕ್ಷೆ, ಕಾರಣ ಬರೆದ ಆದೇಶ. ಕೇಳುವ ಮೊದಲು ನಮ್ಮ ಸಂಘಗಳೂ ಒಂದು ಕೆಲಸ ಮಾಡಲಿ. ಹತ್ತು ಗಂಟೆಗೆ ಧ್ವನಿವರ್ಧಕ ನಿಲ್ಲಿಸಲಿ, ಮುಖ್ಯ ಅತಿಥಿಗಳ ಭಾಷಣ ಮುಗಿಯದಿದ್ದರೂ ಸರಿಯೆ. ಕಾರ್ಯಕ್ರಮಕ್ಕೆ ಮೊದಲು ಅಕ್ಕಪಕ್ಕದ ಮನೆಗಳಿಗೆ ಹೋಗಿ ತಿಳಿಸಲಿ, ಆಮಂತ್ರಣವನ್ನೂ ಕೊಡಲಿ. ಕನ್ನಡ ಬಾರದ ನೆರೆಯವನಿಗೆ ನಮ್ಮ ನುಡಿಯ ಪರಿಚಯ ಮಧ್ಯರಾತ್ರಿಯ ಚಂಡೆಯಿಂದ ಆಗಬೇಕಾಗಿಲ್ಲ. ನಾಳೆ ವಿಚಾರಣೆಯಲ್ಲಿ ನಮ್ಮ ಪರವಾಗಿ ಮಾತಾಡಲು ಯಾರಾದರೂ ಏಳಬೇಕಾದರೆ ಅವನೇ ಏಳಬೇಕು.