ಗಾಳಿಯ ಲೆಕ್ಕವೂ ವ್ಯಾಪಾರದ ಲೆಕ್ಕವೇ

ಶಬ್ದಕ್ಕಿಂತ ವೇಗವಾಗಿ ಹಾರುವ ವಿಮಾನದ ಹೊಟ್ಟೆಯಲ್ಲಿರುವ ಗುಳಿಯ ಮೇಲೆ ಗಾಳಿ ಹೇಗೆ ಹರಿಯುತ್ತದೆ ಎಂಬ ಪ್ರಶ್ನೆಗೂ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ವರ್ತಕರಿಗೂ ಏನು ಸಂಬಂಧವೆಂದು ಓದುಗರು ಕೇಳಬಹುದು. ಸಂಬಂಧವಿದೆ ಎಂಬುದೇ ಈ ಲೇಖನದ ವಾದ.

ಮೊದಲು ವಿಷಯವನ್ನು ತಿಳಿಯೋಣ. ಗುಳಿಯ ಮುಂದಿನ ಅಂಚನ್ನು ದಾಟಿದ ಗಾಳಿ ತೆಳುವಾದ ಪದರವಾಗಿ ಚಾಚಿ, ಸುಳಿಗಳಾಗಿ ಸುರುಳಿಗೊಂಡು ಹಿಂದಿನ ಅಂಚಿಗೆ ಬಡಿಯುತ್ತದೆ. ಆ ಬಡಿತದಿಂದ ಹುಟ್ಟಿದ ಒತ್ತಡದ ಅಲೆ ಗುಳಿಯೊಳಗೇ ಮುಂದಿನ ಅಂಚಿಗೆ ಮರಳಿ ಹೊಸ ಸುಳಿಯನ್ನು ಎಬ್ಬಿಸುತ್ತದೆ. ಹೀಗೆ ತನ್ನನ್ನು ತಾನೇ ಪೋಷಿಸಿಕೊಳ್ಳುವ ಚಕ್ರವೊಂದು ಏರ್ಪಡುತ್ತದೆ. ಯುದ್ಧವಿಮಾನಗಳ ಆಯುಧದ ಗುಳಿಗಳಲ್ಲಿ ಈ ಸದ್ದು 160 ಡೆಸಿಬಲ್ ಮುಟ್ಟುವುದುಂಟು. 90 ಡೆಸಿಬಲ್ ಸದ್ದು ಮಾಡುವ ಗಿರಣಿಗೆ ಹೋಲಿಸಿದರೆ ಇದು ಸುಮಾರು 3,000 ಪಟ್ಟು ಹೆಚ್ಚಿನ ಒತ್ತಡದ ಏರಿಳಿತ. ಲೋಹದ ತಗಡು ದಣಿದು ಬಿರುಕು ಬಿಡಲು ಇಷ್ಟು ಸಾಕು.

1964ರಲ್ಲಿ ಇಂಗ್ಲೆಂಡಿನ ರಾಸಿಟರ್ ಎಂಬ ವಿಜ್ಞಾನಿ ಈ ಸ್ವರಗಳ ಆವರ್ತನವನ್ನು ಕೈಲೆಕ್ಕದಲ್ಲಿ ಹೇಳುವ ಸೂತ್ರವೊಂದನ್ನು ಕೊಟ್ಟರು. ಆದರೆ ಸದ್ದು ಎಷ್ಟು ಜೋರಾಗಿರುವುದೆಂದು ಆ ಸೂತ್ರ ಹೇಳಲಾರದು. ಅದನ್ನು ಅರಿಯಲು ವಾಯುಸುರಂಗ ಬೇಕು, ಇಲ್ಲವೇ ಗಣಕಯಂತ್ರ ಬೇಕು. ಇವೆರಡೂ ನಮ್ಮ ರಾಜ್ಯದಲ್ಲಿಯೇ ಇವೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ 1.2 ಮೀಟರ್ ವಾಯುಸುರಂಗ 1967ರಿಂದ ಬಳಕೆಗೆ ಬಂದಿತು. ಗಾಳಿಯ ಹರಿವನ್ನು ಲೆಕ್ಕ ಹಾಕಲೆಂದೇ ಅದೇ ಪ್ರಯೋಗಾಲಯ 1986ರಲ್ಲಿ 'ಫ್ಲೋಸಾಲ್ವರ್' ಎಂಬ ಸಮಾಂತರ ಗಣಕವನ್ನು ನಿರ್ಮಿಸಿತು. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆ ರೂಪಿಸುತ್ತಿರುವ 'ಆಮ್ಕಾ' ಯುದ್ಧವಿಮಾನಕ್ಕೆ 2024ರ ಮಾರ್ಚ್‌ನಲ್ಲಿ ಸುಮಾರು 15,000 ಕೋಟಿ ರೂಪಾಯಿಗಳ ಮಂಜೂರಾತಿ ದೊರೆಯಿತು. ಆಯುಧಗಳನ್ನು ಹೊಟ್ಟೆಯೊಳಗೆ ಅಡಗಿಸಿಡುವ ವಿಮಾನವಿದು. ಅಂದಮೇಲೆ ಗುಳಿಯ ಗಾಳಿ ಅದಕ್ಕೆ ತಪ್ಪಿದ್ದಲ್ಲ.

ಆದರೆ ಗಣಕದ ಉತ್ತರವನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ಗಾಳಿಯನ್ನು ಸಣ್ಣ ಸಣ್ಣ ಕೋಶಗಳಾಗಿ ವಿಭಜಿಸಿ ಲೆಕ್ಕ ಮಾಡಲಾಗುತ್ತದೆ. ಕೋಶದ ಅಳತೆಯನ್ನು ಮೂರೂ ದಿಕ್ಕಿನಲ್ಲಿ ಅರ್ಧಕ್ಕಿಳಿಸಿದರೆ ಕೋಶಗಳು 8 ಪಟ್ಟಾಗುತ್ತವೆ. ಕಾಲದ ಹೆಜ್ಜೆಯನ್ನೂ ಅರ್ಧ ಮಾಡಬೇಕಾದುದರಿಂದ ಕೆಲಸ ಸುಮಾರು 16 ಪಟ್ಟಾಗುತ್ತದೆ. ಖರ್ಚು ಉಳಿಸಲು ಸರಾಸರಿಯ ಲೆಕ್ಕ ಮಾಡಿದರೆ ಸುಳಿಗಳೇ ಅಳಿಸಿಹೋಗುತ್ತವೆ. ವರ್ಷದ ಸರಾಸರಿ ದರವನ್ನು ನೋಡಿ ಒಂದು ದಿನದ ಪೇಟೆಯ ಏರಿಳಿತ ಹೇಳಿದಂತೆ! ಆದುದರಿಂದಲೇ ತಜ್ಞರು ತಮ್ಮ ಲೆಕ್ಕವನ್ನು ಅಳೆದ ಗುಳಿಗಳೊಡನೆ ಹೋಲಿಸಿ ನೋಡುತ್ತಾರೆ. 20 ಅಂಗುಲ ಉದ್ದ, 4 ಅಂಗುಲ ಅಗಲ, 4 ಅಂಗುಲ ಆಳದ 'ಎಂ-219' ಎಂಬ ಬ್ರಿಟಿಷ್ ಗುಳಿ ಅಂಥದೊಂದು ಒರೆಗಲ್ಲು.

ಇನ್ನು ನಮ್ಮ ತಾಲೂಕುಗಳ ಮಾತು. ಅಕ್ಕಿ ಗಿರಣಿಯ ಬ್ಲೋವರ್, ಧೂಳು ಹೀರುವ ಕೊಳವೆ, ಮೆಕ್ಕೆಜೋಳ ಒಣಗಿಸುವ ಯಂತ್ರ, ಒಕ್ಕಣೆ ಯಂತ್ರದ ಫ್ಯಾನು, ಇವೆಲ್ಲವೂ ಗಾಳಿಯ ಯಂತ್ರಗಳೇ. ಮುಖ್ಯ ಕೊಳವೆಗೆ ಕೂಡಿಸಿದ ಮುಚ್ಚಿದ ಕವಲು ಕೆಲವು ವೇಗಗಳಲ್ಲಿ ಸಿಳ್ಳು ಹಾಕಿ ನಡುಗುವುದೂ, ವೆಲ್ಡಿಂಗ್ ಬಿಡುವುದೂ ಇದೇ ಚಕ್ರದಿಂದಲೇ. ಅದನ್ನು ನಾವು ಹೇಗೆ ಸರಿಪಡಿಸುತ್ತೇವೆ? ತಗಡು ಕತ್ತರಿಸಿ, ಮತ್ತೆ ಬೆಸೆದು, ಅದೂ ಕೂಡದಿದ್ದರೆ ದೊಡ್ಡ ಮೋಟಾರು ಹಾಕಿ. ಗುಜರಿಗೆ ಹೋದ ತಗಡಿನ ಬೆಲೆಯನ್ನೂ, ತಿಂಗಳು ತಿಂಗಳಿನ ಹೆಚ್ಚುವರಿ ವಿದ್ಯುತ್ ಬಿಲ್ಲನ್ನೂ ನಾವು ಯಾವ ಖಾತೆಯಲ್ಲಿಯೂ ಬರೆದಿಡುವುದಿಲ್ಲ. ಬರೆದರೆ ಗಣಕದ ಲೆಕ್ಕ ಅಗ್ಗವೆಂದು ತೋರೀತು.

ಈ ಲೆಕ್ಕಕ್ಕೆ ಬೇಕಾದ 'ಓಪನ್‌ಫೋಮ್' ತಂತ್ರಾಂಶವು 2004ರಿಂದ ಉಚಿತವಾಗಿ ದೊರೆಯುತ್ತಿದೆ. ಗಿರಣಿಯ ಕೊಳವೆಗೆ ಮಹಾಗಣಕವೂ ಬೇಡ. ಒಳ್ಳೆಯ ಮೇಜಿನ ಗಣಕವೊಂದು ಅನೇಕ ಪ್ರಶ್ನೆಗಳಿಗೆ ಸಾಕು. ಕೊರತೆಯಿರುವುದು ಕುಳಿತು ಲೆಕ್ಕ ಮಾಡುವ ಮನುಷ್ಯನದು. ಹಾವೇರಿ ಬಳಿಯ ದೇವಗಿರಿಯಲ್ಲಿ ಸರಕಾರಿ ಎಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿ ಕಲಿತ ನಮ್ಮ ಮಕ್ಕಳು ಕೆಲಸ ಅರಸಿ ಬೆಂಗಳೂರಿಗೆ ಹೋಗುತ್ತಾರೆ. ನಮ್ಮ ಯಂತ್ರಗಳು ಇಲ್ಲಿಯೇ ನಡುಗುತ್ತಿರುತ್ತವೆ. ನಾಲ್ಕೂ ತಾಲೂಕುಗಳ ಹತ್ತು ಮಂದಿ ಉದ್ಯಮಿಗಳು ಸೇರಿ ಒಬ್ಬ ಎಂಜಿನಿಯರನ ಸಂಬಳವನ್ನು ಹಂಚಿಕೊಳ್ಳಬೇಕು. ಕಾಲೇಜಿನ ಅಂತಿಮ ವರ್ಷದ ವಿದ್ಯಾರ್ಥಿಗಳಿಗೆ ನಮ್ಮ ಯಂತ್ರಗಳನ್ನೇ ಅಭ್ಯಾಸದ ವಿಷಯವಾಗಿ ಕೊಡಬೇಕು. ಇದಕ್ಕೆ ವಾಣಿಜ್ಯ ಸಂಸ್ಥೆ ಮುಂದಾಳತ್ವ ವಹಿಸುವುದು ಉಚಿತ.

ಒಂದು ಎಚ್ಚರಿಕೆ. ನಾಳೆ ಯಾರಾದರೂ ಬಣ್ಣಬಣ್ಣದ ಚಿತ್ರ ಹಿಡಿದು ಬಂದರೆ ಹಣ ಕೊಡುವ ಮೊದಲು ಮೂರು ಪ್ರಶ್ನೆ ಕೇಳಿರಿ: ಅಳತೆ ಮಾಡಿದ ಯಾವ ಉದಾಹರಣೆಗೆ ಈ ಲೆಕ್ಕ ತಾಳೆಯಾಗಿದೆ? ಕೋಶಗಳನ್ನು ಇನ್ನೂ ಸಣ್ಣದಾಗಿಸಿದಾಗ ಉತ್ತರ ಬದಲಾಯಿತೇ? ಇದು ಸರಾಸರಿಯೋ, ಕ್ಷಣಕ್ಷಣದ ಲೆಕ್ಕವೋ? ತೂಕದ ಕಲ್ಲನ್ನು ಪರೀಕ್ಷಿಸದೆ ಮಾಲು ಕೊಳ್ಳದ ವರ್ತಕರಿಗೆ ಈ ಜಾಗರೂಕತೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ವಿಮಾನದ ಬಿಡಿಭಾಗಗಳ ತಯಾರಿಕೆ ಈಗಾಗಲೇ ಬೆಳಗಾವಿ ಜಿಲ್ಲೆಯ ಹತ್ತರಗಿಗೆ ಬಂದಿದೆ. ಆ ಕೆಲಸ ಹೆದ್ದಾರಿಗುಂಟ ಶಿಗ್ಗಾಂವಿಯವರೆಗೂ ಬರಬೇಕಾದರೆ ಅಂಚಿನ ಒಂದು ಮಿಲಿಮೀಟರು ಏಕೆ ಮುಖ್ಯವೆಂಬುದನ್ನು ಬಲ್ಲ ಕೈಗಳು ನಮ್ಮಲ್ಲಿರಬೇಕು. ಆ ಅಭ್ಯಾಸವನ್ನು ನಮ್ಮ ಗಿರಣಿಯ ಕೊಳವೆಯಿಂದಲೇ ಆರಂಭಿಸೋಣ.